ಕಮ್ಯುನಿಟಿ ಕಾಲೇಜಿನಲ್ಲಿ ಅಕೌಂಟಿಂಗ್: ಸರ್ಟಿಫಿಕೇಟ್ ಸಾಕಾ, ಡಿಗ್ರಿ ಬೇಕಾ, ಇಎ ಮಾಡಲಾ?

ಊರಲ್ಲಿ ಬಿ.ಕಾಂ. ಮುಗಿಸಿ, ಮದುವೆಯಾಗಿ ಕ್ಯಾಲಿಫೋರ್ನಿಯಾಕ್ಕೆ ಬಂದವರು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ (ಕಡಿಮೆ ಶುಲ್ಕಕ್ಕೆ ಎರಡು ವರ್ಷದ ಓದು ಕೊಡುವ ಸರ್ಕಾರಿ ಕಾಲೇಜು) ಅಕೌಂಟಿಂಗ್ ಇದೆ. ಸರ್ಟಿಫಿಕೇಟ್ ಮಾಡಲಾ, ಎರಡು ವರ್ಷದ ಡಿಗ್ರಿ ಮಾಡಲಾ, ಇಲ್ಲಾ ನೇರ ಸಿಪಿಎಗೇ (ನಮ್ಮ ಸಿಎ ಥರದ ಲೈಸನ್ಸು) ಕೈಹಾಕಲಾ? ಈಚೆಗೆ ಈ ಪಟ್ಟಿಗೆ ಇಎ, ಅಂದರೆ ತೆರಿಗೆ ಕೆಲಸದ ಎನ್‌ರೋಲ್ಡ್ ಏಜೆಂಟ್ ಅರ್ಹತೆ ಕೂಡ ಸೇರಿದೆ. ಇಲ್ಲೇ ಹೈಸ್ಕೂಲು ಮುಗಿಸಿದ ಮಗನಿಗೋ ಮಗಳಿಗೋ ದಾರಿ ಹುಡುಕುತ್ತಿರುವ ಅಪ್ಪ-ಅಮ್ಮಂದಿರದೂ ಇದೇ ಗೊಂದಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕೈಯಲ್ಲಿ ಒಂದು ಪದವಿ ಇರುವವರು ಇಲ್ಲಿ ಮತ್ತೆ ಎರಡು ವರ್ಷದ ಪದವಿ ಮಾಡುವುದು ಬಹಳ ಸಲ ದಂಡ. ಬೇಕಾದ ಕೋರ್ಸುಗಳನ್ನಷ್ಟೇ ಆರಿಸಿಕೊಳ್ಳಿ. ಪದವಿ ಇಲ್ಲದವರ ಲೆಕ್ಕ ಪೂರ್ತಿ ಬೇರೆ. ಇಲ್ಲಿರುವ ಶುಲ್ಕ ಮತ್ತು ನಿಯಮಗಳು ಕ್ಯಾಲಿಫೋರ್ನಿಯಾದವು. ಡಲ್ಲಾಸ್, ನ್ಯೂಜೆರ್ಸಿ ಕಡೆಯವರು ಅಂಕಿಗಳನ್ನು ತಮ್ಮ ಕಾಲೇಜಿನ ಪುಟದಲ್ಲಿ ನೋಡಿಕೊಳ್ಳಿ. ಯೋಚಿಸುವ ಕ್ರಮ ಮಾತ್ರ ಎಲ್ಲ ಕಡೆಗೂ ಹೊಂದುತ್ತದೆ.

ಯಾವುದನ್ನು ನೋಡಿ ಅಳೆಯಬೇಕು

ಮೊದಲನೆಯದು ವೀಸಾ. ಎಚ್4ನಲ್ಲಿ (ಎಚ್1ಬಿ ಕೆಲಸದ ವೀಸಾದವರ ಕುಟುಂಬಕ್ಕೆ ಸಿಗುವ ವೀಸಾ) ಇರುವವರು ವೀಸಾ ಬದಲಿಸದೆ ಓದಬಹುದು. ಒಂದೇ ಕೋರ್ಸು ತೆಗೆದುಕೊಂಡರೂ ಯಾರೂ ಕೇಳುವುದಿಲ್ಲ. ಆದರೆ ಓದುವುದು ಬೇರೆ, ಕೆಲಸ ಮಾಡುವುದು ಬೇರೆ. ಗಂಡ ಅಥವಾ ಹೆಂಡತಿಯ ಐ-140 (ಗ್ರೀನ್ ಕಾರ್ಡಿನ ದಾರಿಯ ಅರ್ಜಿ) ಮಂಜೂರಾಗಿದ್ದರೆ ಎಚ್4ನವರು ಇಎಡಿಗೆ, ಅಂದರೆ ಕೆಲಸದ ಪರವಾನಗಿ ಕಾರ್ಡಿಗೆ ಅರ್ಜಿ ಹಾಕಬಹುದು. ಈ ಅವಕಾಶ ಬಂದದ್ದು 2015ರಲ್ಲಿ. ಎಲ್2ನಲ್ಲಿ (ಕಂಪನಿಯೊಳಗೇ ವರ್ಗವಾಗಿ ಬಂದವರ ಕುಟುಂಬದ ವೀಸಾ) ಬಂದ ಗಂಡ ಅಥವಾ ಹೆಂಡತಿಗೆ ಐ-94 ಪ್ರವೇಶ ದಾಖಲೆಯಲ್ಲಿ ಎಲ್-2ಎಸ್ ಎಂದಿದ್ದರೆ ಕೆಲಸ ಮಾಡಲು ಅಷ್ಟೇ ಸಾಕು. ಎಚ್4ನವರು ಇಎಡಿ ಇಲ್ಲದೆ ಮನೆಯಲ್ಲಿ ಕೂತು ಯಾರದೋ ಅಂಗಡಿಯ ಲೆಕ್ಕ ಬರೆದು ದುಡ್ಡು ತೆಗೆದುಕೊಳ್ಳುವಂತಿಲ್ಲ. "ಆನ್‌ಲೈನ್ ತಾನೇ" ಅನ್ನುವವರ ಮಾತು ನಂಬಬೇಡಿ.

ಇನ್ನೊಂದು ವಿಷಯ. 2025ರ ಅಕ್ಟೋಬರ್ 30ರಿಂದ ಇಎಡಿ ನವೀಕರಣಕ್ಕೆ ಅರ್ಜಿ ಹಾಕಿದವರಿಗೆ ಮೊದಲಿನ ಹಾಗೆ ಅವಧಿ ತಂತಾನೇ ಮುಂದಕ್ಕೆ ಹೋಗುವುದಿಲ್ಲ. ಹಳೆಯ ಕಾರ್ಡು ಮುಗಿದು ಹೊಸದು ಬರದಿದ್ದರೆ ಕೆಲಸ ನಿಲ್ಲಿಸಬೇಕು. ಹಾಗಾಗಿ ಯಾವ ಕೋರ್ಸು ಯಾವಾಗ ಮುಗಿಯಬೇಕು ಅನ್ನುವುದನ್ನು ಕಾರ್ಡಿನ ತಾರೀಕು ನೋಡಿಕೊಂಡೇ ಗೊತ್ತುಮಾಡಿ.

ಎರಡನೆಯದು ರೆಸಿಡೆನ್ಸಿ. ರಾಜ್ಯದ ನಿವಾಸಿಗೆ ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜುಗಳಲ್ಲಿ ಒಂದು ಸೆಮಿಸ್ಟರ್ ಯೂನಿಟ್‌ಗೆ (ಕೋರ್ಸಿನ ಗಾತ್ರ ಅಳೆಯುವ ಲೆಕ್ಕ) 46 ಡಾಲರ್. ನಿವಾಸಿ ಅಲ್ಲದವರಿಗೆ ಇದರ ಹಲವು ಪಟ್ಟು; 300 ಡಾಲರ್ ದಾಟುವುದು ಮಾಮೂಲು. ನಿವಾಸಿ ಅನ್ನಿಸಿಕೊಳ್ಳಲು ಟರ್ಮ್ ಶುರುವಾಗುವ ಮುಂಚೆ ಇಲ್ಲಿ ಒಂದು ವರ್ಷ ಒಂದು ದಿನ ಇದ್ದಿರಬೇಕು, ಇಲ್ಲೇ ಇರುವ ಉದ್ದೇಶಕ್ಕೆ ಕಾಗದಪತ್ರ ತೋರಿಸಬೇಕು. ಎಚ್4ನವರಿಗೂ ಇದು ಸಿಗುತ್ತದೆ, ವಿದ್ಯಾರ್ಥಿ ವೀಸಾ ಎಫ್1ನವರಿಗೆ ಸಿಗುವುದಿಲ್ಲ. ಬಂದ ಹೊಸತರಲ್ಲೇ ಡ್ರೈವಿಂಗ್ ಲೈಸನ್ಸ್, ಬ್ಯಾಂಕ್ ಖಾತೆ, ಬಾಡಿಗೆ ಕರಾರಿನಲ್ಲಿ ಇಬ್ಬರ ಹೆಸರೂ ಇರುವಂತೆ ನೋಡಿಕೊಳ್ಳಿ. ಬಾಡಿಗೆ ಕರಾರಿನಲ್ಲಿ ಗಂಡನ ಹೆಸರೊಂದೇ ಇದ್ದು, ಆಮೇಲೆ ತಾನು ಯಾವತ್ತಿನಿಂದ ಇಲ್ಲಿದ್ದೇನೆ ಅಂತ ತೋರಿಸಲು ಹೆಂಡತಿ ಒದ್ದಾಡುವುದು ಸಾಮಾನ್ಯ.

ಮೂರನೆಯದು, ಈಗಾಗಲೇ ಏನು ಓದಿದ್ದೀರಿ. ನಾಲ್ಕನೆಯದು, ಎಂಥ ಕೆಲಸ ಬೇಕು. ಇದರ ಬಗ್ಗೆ ಜನ ಕಡಿಮೆ ಯೋಚಿಸುತ್ತಾರೆ. ಅಕೌಂಟಿಂಗ್ ಕ್ಲರ್ಕ್, ಬುಕ್‌ಕೀಪರ್, ಪೇರೋಲ್ ಕ್ಲರ್ಕ್ ಒಂದು ಗುಂಪು. ಸ್ಟಾಫ್ ಅಕೌಂಟೆಂಟ್, ಆಡಿಟರ್ ಇನ್ನೊಂದು ಗುಂಪು. ಮೊದಲ ಗುಂಪಿಗೆ ಪದವಿ ಕಡ್ಡಾಯವಲ್ಲ, ಸ್ವಲ್ಪ ಕಾಲೇಜು ಓದಿದ್ದರೆ ಆಯಿತು. ಎರಡನೆಯದಕ್ಕೆ ನಾಲ್ಕು ವರ್ಷದ ಪದವಿ ಕೇಳುತ್ತಾರೆ. ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆಯ 2024ರ ಮೇ ತಿಂಗಳ ಲೆಕ್ಕದಲ್ಲಿ ಬುಕ್‌ಕೀಪಿಂಗ್ ಕ್ಲರ್ಕ್‌ಗಳ ಮಧ್ಯಮ ಸಂಬಳ (ಅರ್ಧ ಜನಕ್ಕೆ ಇದಕ್ಕಿಂತ ಹೆಚ್ಚು, ಅರ್ಧ ಜನಕ್ಕೆ ಕಡಿಮೆ) ವರ್ಷಕ್ಕೆ 49,210 ಡಾಲರ್, ಅಕೌಂಟೆಂಟ್‌ಗಳದು 81,680. ಇದು ಇಡೀ ದೇಶದ್ದು, ಅನುಭವಸ್ಥರೂ ಸೇರಿದ ಅಂಕಿ. ಹೊಸಬರಿಗೆ ಇದಕ್ಕಿಂತ ಕಡಿಮೆಯೇ ಸಿಗುತ್ತದೆ. ಅದೇ ಇಲಾಖೆಯ ಅಂದಾಜಿನಂತೆ ಮುಂದಿನ ಹತ್ತು ವರ್ಷದಲ್ಲಿ ಕ್ಲರ್ಕ್ ಕೆಲಸಗಳು ಕಡಿಮೆಯಾಗುತ್ತವೆ, ಅಕೌಂಟೆಂಟ್ ಕೆಲಸಗಳು ಹೆಚ್ಚುತ್ತವೆ. ಬಿಲ್ಲು ನೋಡಿ ಎಂಟ್ರಿ ಹಾಕುವ ಕೆಲಸವನ್ನು ಸಾಫ್ಟ್‌ವೇರ್ ಮಾಡುತ್ತಿದೆ, ಅಷ್ಟೇ. ಕ್ಲರ್ಕ್ ಕೆಲಸ ಬೇಡ ಅನ್ನುತ್ತಿಲ್ಲ. ಒಳಗೆ ಕಾಲಿಡಲು ಅದು ಒಳ್ಳೆಯ ಬಾಗಿಲು. ಆದರೆ ಅಲ್ಲೇ ಕೂರುವ ಯೋಜನೆ ಬೇಡ.

ಪುಕ್ಕಟೆ, ಅಗ್ಗದ ದಾರಿ: ಕ್ವಿಕ್‌ಬುಕ್ಸ್ ಪರೀಕ್ಷೆ ಮತ್ತು ಅಡಲ್ಟ್ ಸ್ಕೂಲು

ಲೆಕ್ಕ ಬರೆಯುವ ಸಾಫ್ಟ್‌ವೇರ್ ಕ್ವಿಕ್‌ಬುಕ್ಸ್ ಆನ್‌ಲೈನ್‌ನ ಪ್ರೊಅಡ್ವೈಸರ್ ತರಬೇತಿ, ಪರೀಕ್ಷೆ ಎರಡಕ್ಕೂ ದುಡ್ಡಿಲ್ಲ. ಟ್ಯಾಲಿ ಗೊತ್ತಿದ್ದವರಿಗೆ ಕಷ್ಟವೂ ಇಲ್ಲ. ಅಡಲ್ಟ್ ಸ್ಕೂಲುಗಳಲ್ಲಿ ಕಡಿಮೆ ಶುಲ್ಕಕ್ಕೆ ಬುಕ್‌ಕೀಪಿಂಗ್, ಎಕ್ಸೆಲ್ ಹೇಳಿಕೊಡುತ್ತಾರೆ. ಈ ಕೆಲಸ ನನಗೆ ಹಿಡಿಸುತ್ತದಾ ಅಂತ ನೋಡಲು ಇದು ಸಾಕು. ರೆಸ್ಯೂಮೆಯಲ್ಲಿ ಇದೊಂದೇ ಇದ್ದರೆ ಮಾತ್ರ ತೂಕ ಕಡಿಮೆ. ಅಲ್ಲಿ ಗಳಿಸಿದ್ದು ಮುಂದೆ ಯಾವ ಪದವಿಗೂ, ಲೈಸನ್ಸಿಗೂ ಯೂನಿಟ್ ಆಗಿ ಸೇರುವುದಿಲ್ಲ.

ಸರ್ಟಿಫಿಕೇಟ್: ನನ್ನ ಮೆಚ್ಚಿನ ಆಯ್ಕೆ

ಕಾಲೇಜಿನಿಂದ ಕಾಲೇಜಿಗೆ ಹೆಸರು ಬೇರೆ ಇರಬಹುದು. ಒಳಗಿರುವುದು ಸಾಮಾನ್ಯವಾಗಿ ಇಷ್ಟು: ಫೈನಾನ್ಶಿಯಲ್ ಅಕೌಂಟಿಂಗ್, ಮ್ಯಾನೇಜೀರಿಯಲ್ ಅಕೌಂಟಿಂಗ್, ಪೇರೋಲ್, ವೈಯಕ್ತಿಕ ಆದಾಯ ತೆರಿಗೆ, ಕ್ವಿಕ್‌ಬುಕ್ಸ್, ಎಕ್ಸೆಲ್. ಸುಮಾರು 20 ಯೂನಿಟ್ ಎಂದಿಟ್ಟುಕೊಂಡರೆ ನಿವಾಸಿಗೆ 920 ಡಾಲರ್. ಪುಸ್ತಕ, ಪಾರ್ಕಿಂಗ್, ಹೆಲ್ತ್ ಫೀ ಬೇರೆ. ಇದೇ ವಿಷಯಗಳನ್ನು ವಿಶ್ವವಿದ್ಯಾಲಯಗಳ ಎಕ್ಸ್‌ಟೆನ್ಷನ್‌ನಲ್ಲಿ (ಹೊರಗಿನವರಿಗೂ ಬಿಡಿ ಕೋರ್ಸು ಕೊಡುವ ವಿಭಾಗ) ಓದಿದರೆ ಒಂದೊಂದು ಕೋರ್ಸಿಗೇ ಸಾವಿರ ಡಾಲರ್ ಆಸುಪಾಸು ಆಗುತ್ತದೆ. ಹೆಸರಿಗೆ ಬೆಲೆ ಇದೆ, ಒಪ್ಪುತ್ತೇನೆ. ಕ್ಲರ್ಕ್ ಕೆಲಸಕ್ಕೆ ಆ ಹೆಸರು ಬೇಕಿಲ್ಲ.

"ಡೆಬಿಟ್-ಕ್ರೆಡಿಟ್ ಎಲ್ಲ ಗೊತ್ತಿರುವಾಗ ಮತ್ತೆ ಯಾಕೆ ಓದಬೇಕು?" ಅನ್ನುವ ಪ್ರಶ್ನೆ ಬರುತ್ತದೆ. ಡೆಬಿಟ್-ಕ್ರೆಡಿಟ್ ಬದಲಾಗಿಲ್ಲ, ನಿಜ. ಸುತ್ತಲಿನ ಕಾನೂನು ಬದಲಾಗಿದೆ. ನಮ್ಮ ಜಿಎಸ್‌ಟಿಯಲ್ಲಿ ಇನ್‌ಪುಟ್ ಕ್ರೆಡಿಟ್ ಲೆಕ್ಕವೇ ದೊಡ್ಡ ಕೆಲಸ. ಇಲ್ಲಿನ ಸೇಲ್ಸ್ ಟ್ಯಾಕ್ಸ್ ಕೊನೆಯ ಗಿರಾಕಿಗೆ ಮಾರುವಾಗ ಮಾತ್ರ ಬೀಳುತ್ತದೆ. ಮರುಮಾರಾಟಕ್ಕೆ ಕೊಳ್ಳುವ ಅಂಗಡಿಯವನು ರೀಸೇಲ್ ಸರ್ಟಿಫಿಕೇಟ್ ಕೊಟ್ಟರೆ ತೆರಿಗೆ ಇಲ್ಲ, ಇನ್‌ಪುಟ್ ಕ್ರೆಡಿಟ್ ಅನ್ನುವ ಮಾತೇ ಇಲ್ಲ. ರಾಜ್ಯದ ಮೂಲ ದರ 7.25%, ಅದರ ಮೇಲೆ ಊರೂರಿಗೂ ಬೇರೆ ಬೇರೆ ಸೇರಿಕೆ.

ಇನ್ನು ಪೇರೋಲ್. ಸರ್ಟಿಫಿಕೇಟಿನಲ್ಲಿ ಒಂದೇ ಕೋರ್ಸು ತೆಗೆದುಕೊಳ್ಳಿ ಅಂದರೆ ನಾನು ಇದನ್ನೇ ತೋರಿಸುತ್ತೇನೆ. ಒಬ್ಬ ನೌಕರನ ಒಟ್ಟು ಸಂಬಳ 1,000 ಡಾಲರ್ ಅನ್ನಿ. ಸೋಶಿಯಲ್ ಸೆಕ್ಯುರಿಟಿ 6.2%, ಅಂದರೆ 62. ಮೆಡಿಕೇರ್ 1.45%, ಅಂದರೆ 14.50. ಫೆಡರಲ್ ಮತ್ತು ರಾಜ್ಯದ ಕಡಿತ ಎಲ್ಲ ಸೇರಿ 120 ಎಂದಿಟ್ಟುಕೊಳ್ಳೋಣ. ಅವನ ಕೈಗೆ ಬರುವುದು 803.50. ಸಂಬಳದ ಖರ್ಚಿಗೆ 1,000 ಡೆಬಿಟ್, ಬ್ಯಾಂಕಿಗೆ 803.50 ಕ್ರೆಡಿಟ್. ಉಳಿದ 196.50 ಕಂಪನಿಯ ಆದಾಯ ಅಲ್ಲ, ಕಟ್ಟಬೇಕಾದ ಬಾಕಿ. ಇಲ್ಲಿಗೆ ಮುಗಿಯಿತು ಅಂದುಕೊಂಡವರು ಇಂಟರ್‌ವ್ಯೂನಲ್ಲಿ ಸಿಕ್ಕಿಬೀಳುತ್ತಾರೆ. ಆ 62 ಮತ್ತು 14.50 ಅನ್ನು ಕಂಪನಿಯೂ ತನ್ನ ಕೈಯಿಂದ ಅಷ್ಟೇ ಹಾಕಬೇಕು. ಆ 76.50ಕ್ಕೆ ಇನ್ನೊಂದು ಎಂಟ್ರಿ. ಅದರ ಮೇಲೆ ನಿರುದ್ಯೋಗ ವಿಮೆಯ ತೆರಿಗೆ. ಸೋಶಿಯಲ್ ಸೆಕ್ಯುರಿಟಿ, ಮೆಡಿಕೇರ್, ಫೆಡರಲ್ ಕಡಿತ ಇವನ್ನು ಮೂರು ತಿಂಗಳಿಗೊಮ್ಮೆ ಫಾರ್ಮ್ 941ರಲ್ಲಿ ತೋರಿಸಬೇಕು. ವರ್ಷದ ಕೊನೆಗೆ ನೌಕರನಿಗೆ ಡಬ್ಲ್ಯು-2, ಗುತ್ತಿಗೆಯವನಿಗೆ 1099. ಪಿಎಫ್, ಇಎಸ್‌ಐ, ಟಿಡಿಎಸ್ ಮಾಡಿದ ಕೈಗೆ ಇದು ಬೇಗ ಒಗ್ಗುತ್ತದೆ. ಆದರೆ ತಂತಾನೇ ಗೊತ್ತಾಗುವುದಿಲ್ಲ.

ಸರ್ಟಿಫಿಕೇಟಿನ ದೊಡ್ಡ ಲಾಭ ಇನ್ನೊಂದಿದೆ. ಅದರ ಹೆಚ್ಚಿನ ಕೋರ್ಸುಗಳು ಕ್ರೆಡಿಟ್ ಕೋರ್ಸುಗಳು. ನಾಳೆ ಮನಸ್ಸು ಬದಲಾಗಿ ಡಿಗ್ರಿಗೆ ಹೋದರೆ ಅಲ್ಲಿಗೆ ಸೇರುತ್ತವೆ. ಸಿಪಿಎಗೆ ಹೋದರೂ ಅಕೌಂಟಿಂಗ್ ಯೂನಿಟ್‌ಗಳು ಲೆಕ್ಕಕ್ಕೆ ಬರುತ್ತವೆ. ಒಂದು ಸೆಮಿಸ್ಟರ್ ಮಾಡಿ ನಿಲ್ಲಿಸಿದರೂ ಆ ದುಡ್ಡು ಪೂರ್ತಿ ನೀರಿಗೆ ಹೋಗಿಲ್ಲ.

ಕೊರತೆಯೂ ಇದೆ. ಪದವಿ ಇಲ್ಲದೆ ಬರೀ ಸರ್ಟಿಫಿಕೇಟ್ ಇಟ್ಟುಕೊಂಡವರು ಮೇಲೇರುವುದು ನಿಧಾನ. ಊರಿನ ಬಿ.ಕಾಂ. ಜೊತೆಗೆ ಇದು ಇದ್ದರೆ ಕಥೆ ಬೇರೆ. ಆಗ ರೆಸ್ಯೂಮೆ ಓದುವವನಿಗೆ "ಪದವಿ ಭಾರತದ್ದು, ಇಲ್ಲಿನ ಪದ್ಧತಿಯೂ ಗೊತ್ತು" ಅನ್ನುವುದು ಒಂದೇ ನೋಟಕ್ಕೆ ಸಿಗುತ್ತದೆ.

ಎರಡು ವರ್ಷದ ಡಿಗ್ರಿ

60 ಸೆಮಿಸ್ಟರ್ ಯೂನಿಟ್. ನಿವಾಸಿಗೆ 2,760 ಡಾಲರ್. ಡಿ ಆನ್ಜಾ, ಫುಟ್‌ಹಿಲ್ ಥರದ ಕ್ವಾರ್ಟರ್ ಪದ್ಧತಿಯ (ಸೆಮಿಸ್ಟರಿಗಿಂತ ಚಿಕ್ಕ ಟರ್ಮ್) ಕಾಲೇಜಿನಲ್ಲಿ 90 ಯೂನಿಟ್, ಒಂದಕ್ಕೆ 31 ಡಾಲರ್. ಕೂಡಿದರೆ ಹತ್ತಿರ ಹತ್ತಿರ ಅಷ್ಟೇ. ದುಡ್ಡಿಗಿಂತ ಇಲ್ಲಿ ಖರ್ಚಾಗುವುದು ಕಾಲ. 60ರಲ್ಲಿ ಅರ್ಧಕ್ಕಿಂತ ಹೆಚ್ಚು ಅಕೌಂಟಿಂಗ್ ಅಲ್ಲವೇ ಅಲ್ಲ: ಇಂಗ್ಲಿಷ್, ಗಣಿತ, ಇತಿಹಾಸ, ವಿಜ್ಞಾನ, ಹೀಗೆ.

ಇಲ್ಲೇ ಹೈಸ್ಕೂಲು ಮುಗಿಸಿದ ಹುಡುಗ ಹುಡುಗಿಯರಿಗೆ ಇದು ಒಳ್ಳೆಯದು. ಅದರಲ್ಲೂ ಟ್ರಾನ್ಸ್‌ಫರ್‌ಗೆಂದೇ ಇರುವ ಅಸೋಸಿಯೇಟ್ ಡಿಗ್ರಿ. ಅದನ್ನು ಮುಗಿಸಿದವರಿಗೆ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಯ ಯಾವುದಾದರೊಂದು ಕ್ಯಾಂಪಸ್ಸಿನಲ್ಲಿ ಸೀಟು ಖಾತ್ರಿ. ಬೇಕಾದ ಕ್ಯಾಂಪಸ್ಸೇ ಸಿಗುತ್ತದೆ ಎಂದಲ್ಲ, ಅದು ನೆನಪಿರಲಿ. ಮೊದಲೆರಡು ವರ್ಷ ಮನೆಯಿಂದ ಹೋಗಿಬಂದು, ಆಮೇಲಿನ ಎರಡು ವರ್ಷಕ್ಕೆ ಮಾತ್ರ ದೊಡ್ಡ ಶುಲ್ಕ. ಗ್ರೀನ್ ಕಾರ್ಡ್ ಅಥವಾ ಪೌರತ್ವ ಇದ್ದರೆ ಫೆಡರಲ್ ಸಹಾಯದ ಅರ್ಜಿ ಫಾಫ್ಸಾ ತುಂಬಿ, ವಾಪಸ್ ಕೊಡಬೇಕಿಲ್ಲದ ಪೆಲ್ ಗ್ರಾಂಟ್‌ಗೂ ಪ್ರಯತ್ನಿಸಬಹುದು. ಎಚ್4ನವರಿಗೆ ಫೆಡರಲ್ ಸಹಾಯ ಇಲ್ಲ.

ಪಿಯುಸಿಗೆ ಓದು ನಿಲ್ಲಿಸಿದವರಿಗೂ ನಾನು ಇದನ್ನೇ ಹೇಳುತ್ತೇನೆ. ಪದವಿ ಇರುವವರಿಗೆ? ನಲವತ್ತು ಚಿಲ್ಲರೆ ಯೂನಿಟ್ ಬೇರೆ ವಿಷಯ ಓದಿ ಸಿಗುವುದು, ಈಗ ಇರುವುದಕ್ಕಿಂತ ಕೆಳಗಿನ ಹಂತದ ಪದವಿ. ಗಿಟ್ಟುವುದಿಲ್ಲ.

ಊರಿಂದಲೇ ಎಫ್1ನಲ್ಲಿ ಬಂದು ಕಮ್ಯುನಿಟಿ ಕಾಲೇಜಿನಲ್ಲಿ ಅಕೌಂಟಿಂಗ್ ಓದಿ ಕೆಲಸ ಹಿಡಿಯುತ್ತೇನೆ ಅನ್ನುವವರಿಗೆ ಒಂದು ಮಾತು: ಬೇಡ. ನಿವಾಸಿಯಲ್ಲದವರ ಶುಲ್ಕ, ಕಡ್ಡಾಯ ಫುಲ್ ಟೈಮ್ ಓದು, ಮುಗಿದ ಮೇಲೆ ಹೆಚ್ಚೆಂದರೆ 12 ತಿಂಗಳ ಒಪಿಟಿ (ಓದಿದ ವಿಷಯದಲ್ಲಿ ಕೆಲಸ ಮಾಡಲು ಅನುಮತಿ). ಎಚ್1ಬಿಗೆ ನಾಲ್ಕು ವರ್ಷದ ಪದವಿ ಬೇಕು. ಎರಡು ವರ್ಷದ್ದು ಅಲ್ಲಿಗೆ ಮುಟ್ಟುವುದಿಲ್ಲ. ಟ್ರಾನ್ಸ್‌ಫರ್ ಮಾಡಿ ಪೂರ್ತಿ ಪದವಿಗೆ ದುಡ್ಡು ಇದ್ದರೆ ಮಾತ್ರ ಯೋಚಿಸಿ.

ಸಿಪಿಎ ಕಡೆಗೆ ಯೂನಿಟ್ ಕೂಡಿಸುವುದು

ಬಿ.ಕಾಂ., ಎಂ.ಕಾಂ. ಅಥವಾ ಬಿ.ಬಿ.ಎಂ. ಆದವರು ಕಮ್ಯುನಿಟಿ ಕಾಲೇಜನ್ನು ಬಹಳ ಜಾಣತನದಿಂದ ಬಳಸಿಕೊಳ್ಳುವ ದಾರಿ ಇದು. ಮೊದಲು ಊರಿನ ಪದವಿಯನ್ನು ಸಿಪಿಎ ಲೈಸನ್ಸ್ ಕೊಡುವ ರಾಜ್ಯದ ಬೋರ್ಡು ಒಪ್ಪುವ ಸಂಸ್ಥೆಯಿಂದ ಮೌಲ್ಯಮಾಪನ ಮಾಡಿಸಬೇಕು. ಮೂರು ವರ್ಷದ ಬಿ.ಕಾಂ. ಅನ್ನು ಕೆಲವು ಸಂಸ್ಥೆಗಳು ಇಲ್ಲಿನ ಪದವಿಗೆ ಸಮ ಅನ್ನುತ್ತವೆ, ಕೆಲವು ಮೂರು ವರ್ಷದ ಓದು ಅಂತಷ್ಟೇ ಬರೆದುಕೊಡುತ್ತವೆ. ಎಂ.ಕಾಂ. ಸೇರಿದರೆ ಈ ತಲೆನೋವು ಕಡಿಮೆ. ಆಮೇಲೆ ಎಷ್ಟು ಅಕೌಂಟಿಂಗ್ ಯೂನಿಟ್ ಕಡಿಮೆ ಬಿದ್ದಿದೆಯೋ ಅಷ್ಟನ್ನು ಕಮ್ಯುನಿಟಿ ಕಾಲೇಜಿನಲ್ಲಿ ತುಂಬಿಸಿಕೊಳ್ಳುವುದು. ಡಿ ಆನ್ಜಾ, ಫುಟ್‌ಹಿಲ್‌ನಲ್ಲಿ ಇಂಟರ್‌ಮೀಡಿಯೆಟ್ ಅಕೌಂಟಿಂಗ್, ಆಡಿಟಿಂಗ್‌ನಂಥ ಮೇಲಿನ ಕೋರ್ಸುಗಳೂ ಸಿಗುತ್ತವೆ. ಬೇ ಏರಿಯಾದ ಅಕೌಂಟಿಂಗ್ ಆಕಾಂಕ್ಷಿಗಳು ಅಲ್ಲಿ ಸೇರುವುದು ಇದೇ ಕಾರಣಕ್ಕೆ.

ಒಂದು ಎಚ್ಚರಿಕೆ. ಬೋರ್ಡಿನ ಲೆಕ್ಕ ಸೆಮಿಸ್ಟರ್ ಯೂನಿಟ್‌ನಲ್ಲಿ. ಕ್ವಾರ್ಟರ್ ಯೂನಿಟ್ ಅದರ ಮೂರರಲ್ಲಿ ಎರಡು ಪಾಲು. 24 ಸೆಮಿಸ್ಟರ್ ಯೂನಿಟ್ ಬೇಕೆಂದರೆ ಕ್ವಾರ್ಟರ್ ಕಾಲೇಜಿನಲ್ಲಿ 36 ಮಾಡಬೇಕು. ಕೊನೆಗೆ ಒಂದೆರಡು ಕೋರ್ಸು ಕಡಿಮೆ ಬಿದ್ದು ಮತ್ತೊಂದು ಕ್ವಾರ್ಟರ್ ಕಾಯುವವರನ್ನು ನೋಡಿದ್ದೇನೆ.

ಬಹಳ ವರ್ಷಗಳಿಂದ ಲೈಸನ್ಸಿಗೆ 150 ಯೂನಿಟ್ ಬೇಕಿತ್ತು. 2025ರಲ್ಲಿ ಒಹಾಯೋ ಸೇರಿ ಹಲವು ರಾಜ್ಯಗಳು ಪದವಿ ಮತ್ತು ಎರಡು ವರ್ಷದ ಅನುಭವದ ದಾರಿಯನ್ನೂ ತೆರೆದವು. ಕ್ಯಾಲಿಫೋರ್ನಿಯಾವೂ ಅತ್ತಲೇ ಹೊರಟಿದೆ. ಹಾಗಾಗಿ ಬರೀ ಯೂನಿಟ್ ತುಂಬಿಸಲು ಏನೇನೋ ಕೋರ್ಸು ತೆಗೆದುಕೊಳ್ಳುವ ಮುಂಚೆ ಬೋರ್ಡಿನ ಈಗಿನ ನಿಯಮ ಓದಿ. ಹಳಬರ ಸಲಹೆ ಹಳೆಯ ನಿಯಮದ್ದಾಗಿರುತ್ತದೆ.

ಪರೀಕ್ಷೆ ನಾಲ್ಕು ಭಾಗ: ಮೂರು ಕಡ್ಡಾಯ, ಒಂದು ಆಯ್ಕೆ. 2024ರಿಂದ ಹೀಗಿದೆ. ಬೆಂಗಳೂರಿನಲ್ಲೂ ಬರೆಯಬಹುದು. ಶುಲ್ಕ, ಕೋಚಿಂಗ್ ಎಲ್ಲ ಸೇರಿ ಸಾವಿರಾರು ಡಾಲರ್. ಮಗು ಸಣ್ಣದಿದ್ದು, ದಿನಕ್ಕೆ ಒಂದು ಗಂಟೆ ಸಿಗುವುದೂ ಕಷ್ಟ ಅನ್ನುವ ಹೊತ್ತಿನಲ್ಲಿ ಇದಕ್ಕೆ ಕೈಹಾಕಬೇಡಿ. ಮೊದಲು ಕೆಲಸ ಹಿಡಿಯಿರಿ. ಕೆಲವು ಕಂಪನಿಗಳು ಪರೀಕ್ಷೆಯ ಖರ್ಚು ಕೊಡುತ್ತವೆ.

ತೆರಿಗೆಯ ದಾರಿ: ಸಿಟೆಕ್ ಮತ್ತು ಇಎ

ವರ್ಷಪೂರ್ತಿ ಕೆಲಸ ಬೇಡ, ಜನವರಿಯಿಂದ ಏಪ್ರಿಲ್ ಮಧ್ಯದವರೆಗೆ ದುಡಿದರೆ ಸಾಕು ಅನ್ನುವವರಿಗೆ ತೆರಿಗೆ ಕೆಲಸ ಹೊಂದುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ದುಡ್ಡು ತೆಗೆದುಕೊಂಡು ರಿಟರ್ನ್ ತುಂಬಿಕೊಡಬೇಕೆಂದರೆ, ವಕೀಲ, ಸಿಪಿಎ ಅಥವಾ ಇಎ ಅಲ್ಲದವರು ಸಿಟೆಕ್‌ನಲ್ಲಿ (ರಿಟರ್ನ್ ತುಂಬಿಕೊಡುವವರನ್ನು ನೋಂದಾಯಿಸುವ ಇಲ್ಲಿನ ಸಂಸ್ಥೆ) ನೋಂದಾಯಿಸಿಕೊಳ್ಳಬೇಕು. 60 ಗಂಟೆಯ ಕೋರ್ಸು, 5,000 ಡಾಲರಿನ ಬಾಂಡ್, ಫೆಡರಲ್ ತೆರಿಗೆ ಇಲಾಖೆಯಾದ ಐಆರ್‌ಎಸ್ ರಿಟರ್ನ್ ತುಂಬಿಕೊಡುವವರಿಗೆ ಕೊಡುವ ಪಿಟಿನ್ ನಂಬರ್ ಬೇಕು. ಬಾಂಡ್ ಅಂದರೆ 5,000 ಕೈಯಿಂದ ಕಟ್ಟುವುದಲ್ಲ, ಅದಕ್ಕೆ ಸಣ್ಣ ಪ್ರೀಮಿಯಂ ಅಷ್ಟೇ. ಆದರೆ ಸಿಟೆಕ್ ಈ ರಾಜ್ಯಕ್ಕೆ ಸೀಮಿತ. ಗಂಡನಿಗೆ ಆಸ್ಟಿನ್‌ಗೆ ವರ್ಗವಾದರೆ ಅಲ್ಲಿ ಅದಕ್ಕೆ ಬೆಲೆ ಇಲ್ಲ.

ಇಎ ಹಾಗಲ್ಲ. ಅದು ಐಆರ್‌ಎಸ್ ಕೊಡುವ ಫೆಡರಲ್ ಅರ್ಹತೆ, ಎಲ್ಲ ರಾಜ್ಯಗಳಲ್ಲೂ ನಡೆಯುತ್ತದೆ. ಪದವಿ ಬೇಕಿಲ್ಲ, ಯೂನಿಟ್ ಬೇಕಿಲ್ಲ, ಮೌಲ್ಯಮಾಪನ ಬೇಕಿಲ್ಲ. ಮೂರು ಪರೀಕ್ಷೆ: ವ್ಯಕ್ತಿಗಳ ತೆರಿಗೆ, ವ್ಯವಹಾರಗಳ ತೆರಿಗೆ, ಐಆರ್‌ಎಸ್ ಮುಂದೆ ಗಿರಾಕಿಯನ್ನು ಪ್ರತಿನಿಧಿಸುವ ನಿಯಮಗಳು. ಒಂದೊಂದಕ್ಕೆ 100 ಪ್ರಶ್ನೆ, ಮೂರೂವರೆ ಗಂಟೆ. ಬೆಂಗಳೂರಿನಲ್ಲಿ ಕೂತು ಅಮೆರಿಕದ ತೆರಿಗೆ ಕೆಲಸ ಮಾಡುವ ಕಚೇರಿಗಳೂ ಇಎ ಆದವರನ್ನು ಹುಡುಕುತ್ತವೆ. ಹಾಗಾಗಿ ನಾಳೆ ಊರಿಗೆ ವಾಪಸ್ ಹೋಗುವ ಯೋಚನೆ ಇದ್ದವರಿಗೆ ಇದು ಸರ್ಟಿಫಿಕೇಟಿಗಿಂತ ಉಪಯೋಗಕ್ಕೆ ಬರುತ್ತದೆ. ಒಂದೇ ಮಿತಿ: ಇದು ತೆರಿಗೆಯದ್ದು. ಕಂಪನಿಯೊಳಗೆ ಪೇಯಬಲ್ಸ್, ಪೇರೋಲ್ ನೋಡುವ ಕೆಲಸಕ್ಕೆ ಇಎ ಅಂತ ಯಾರೂ ಕೇಳುವುದಿಲ್ಲ.

ಕಮ್ಯುನಿಟಿ ಕಾಲೇಜಿನ ಆದಾಯ ತೆರಿಗೆ ಕೋರ್ಸು ಮಾಡಿ, ಅದರ ಬಿಸಿ ಆರುವ ಮುಂಚೆ ಇಎಯ ಮೊದಲ ಭಾಗ ಬರೆಯುವುದು ಒಳ್ಳೆಯ ಜೋಡಿ. ಎರಡರಲ್ಲೂ ಬಹುಪಾಲು ವಿಷಯ ಒಂದೇ.

ಹಾಗಾದರೆ ನೀವು ಯಾವುದು?

ಇಎಡಿ ಇದೆ, ಬಿ.ಕಾಂ. ಇದೆ, ಆರು ತಿಂಗಳಲ್ಲಿ ಕೆಲಸ ಬೇಕು. ಹೀಗಿದ್ದರೆ ಪೇರೋಲ್, ಫೈನಾನ್ಶಿಯಲ್ ಅಕೌಂಟಿಂಗ್, ಎಕ್ಸೆಲ್ ಈ ಮೂರನ್ನು ಒಂದೇ ಸೆಮಿಸ್ಟರಿನಲ್ಲಿ ಮಾಡಿ. ಕ್ವಿಕ್‌ಬುಕ್ಸ್ ಪರೀಕ್ಷೆ ಪುಕ್ಕಟೆ, ಅದನ್ನೂ ಬರೆಯಿರಿ. ಸರ್ಟಿಫಿಕೇಟ್ ಕೈಗೆ ಬರಲಿ ಅಂತ ಕಾಯದೆ, ಮಧ್ಯದಲ್ಲೇ ಅರ್ಜಿ ಹಾಕಲು ಶುರುಮಾಡಿ. ಟೆಂಪ್ ಏಜೆನ್ಸಿಗಳ ಮೂಲಕ ಅಕೌಂಟ್ಸ್ ಪೇಯಬಲ್ ಕೆಲಸ ಮೊದಲು ಸಿಗುತ್ತದೆ. ಸಂಬಳ ಕಡಿಮೆ, ಆದರೆ ಅಮೆರಿಕದ ಅನುಭವ ಅನ್ನುವ ಸಾಲು ರೆಸ್ಯೂಮೆಗೆ ಸೇರುವುದು ಅಲ್ಲೇ.

ಇಎಡಿ ಇನ್ನೂ ಬಂದಿಲ್ಲ, ಒಂದೆರಡು ವರ್ಷ ಕಾಯಬೇಕು. ಆಗ ಅವಸರ ಏನಿಲ್ಲ. ರೆಸಿಡೆನ್ಸಿ ಸಿಕ್ಕ ಮೇಲೆ ಸೆಮಿಸ್ಟರಿಗೆ ಒಂದೋ ಎರಡೋ ಕೋರ್ಸು ಸಾಕು, ಸಿಪಿಎಗೂ ಲೆಕ್ಕಕ್ಕೆ ಬರುವಂಥದ್ದನ್ನೇ ಆರಿಸಿ. ಜೊತೆಗೆ ವೀಟಾದಲ್ಲಿ ಸ್ವಯಂಸೇವೆ ಮಾಡಿ. ಕಡಿಮೆ ಆದಾಯದವರ ರಿಟರ್ನನ್ನು ಪುಕ್ಕಟೆ ತುಂಬಿಕೊಡುವ ಐಆರ್‌ಎಸ್‌ನ ಕಾರ್ಯಕ್ರಮ ಇದು, ತರಬೇತಿಯೂ ಪುಕ್ಕಟೆ. ನಿಮ್ಮೂರಿನ ಕನ್ನಡ ಕೂಟಕ್ಕೆ ಖಜಾಂಚಿ ಬೇಕು ಅಂದಾಗ ಎಲ್ಲರೂ ತಲೆ ತಗ್ಗಿಸುತ್ತಾರಲ್ಲ, ಆಗ ಕೈ ಎತ್ತಿ. ದೇಣಿಗೆ ರಸೀದಿ, ಯುಗಾದಿ ಕಾರ್ಯಕ್ರಮದ ಊಟದ ಬಿಲ್ಲು, ಬ್ಯಾಂಕ್ ರಿಕನ್ಸಿಲಿಯೇಷನ್, ಕೂಟ ಐಆರ್‌ಎಸ್‌ಗೆ ಸಲ್ಲಿಸುವ ವರ್ಷದ ಫಾರ್ಮ್ 990. ಅಷ್ಟೂ ನಿಜವಾದ ಪುಸ್ತಕ ಬರೆದ ಅನುಭವ ಅಲ್ವಾ? ಕೂಟದ ಸದಸ್ಯರಲ್ಲೇ ಒಬ್ಬರು ಮುಂದೆ ರೆಫರೆನ್ಸ್ ಕೊಡುತ್ತಾರೆ.

ಹದಿನೆಂಟರ ಮಗಳು ಅಥವಾ ಮಗನಿಗೆ ಟ್ರಾನ್ಸ್‌ಫರ್ ಡಿಗ್ರಿ. ಊರಿಗೆ ಮರಳುವವರಿಗೆ, ಮೇಲಿಂದ ಮೇಲೆ ರಾಜ್ಯ ಬದಲಿಸುವವರಿಗೆ ಇಎ. ಆಡಿಟ್ ಸಂಸ್ಥೆಯಲ್ಲಿ ಅಥವಾ ದೊಡ್ಡ ಕಂಪನಿಯ ಫೈನಾನ್ಸ್‌ನಲ್ಲಿ ಬೆಳೆಯಬೇಕು ಅನ್ನುವವರಿಗೆ ಸಿಪಿಎ, ಎಷ್ಟೇ ವರ್ಷ ಹಿಡಿದರೂ.

ಸೇರುವ ಮುಂಚೆ

ಕಾಲೇಜಿನ ವೇಳಾಪಟ್ಟಿಯಲ್ಲಿ ಪಠ್ಯಪುಸ್ತಕಕ್ಕೆ ದುಡ್ಡಿಲ್ಲ ಅನ್ನುವ ಗುರುತು ಇರುವ ಕೋರ್ಸುಗಳಿರುತ್ತವೆ. ಒಂದೇ ವಿಷಯವನ್ನು ಇಬ್ಬರು ಕಲಿಸುತ್ತಿದ್ದರೆ ಆ ಗುರುತು ಇರುವುದನ್ನೇ ಹಿಡಿಯಿರಿ. ಅಕೌಂಟಿಂಗ್ ಪುಸ್ತಕ ಮತ್ತು ಆನ್‌ಲೈನ್ ಕೋಡಿಗೆ ಕೋರ್ಸಿನ ಶುಲ್ಕದಷ್ಟೇ ಬೀಳುವುದುಂಟು. ಓಪನ್‌ಸ್ಟ್ಯಾಕ್ಸ್‌ನ ಅಕೌಂಟಿಂಗ್ ಪುಸ್ತಕ ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಸೇರುವ ಮುಂಚೆ ಎರಡು ಅಧ್ಯಾಯ ಓದಿ ನೋಡಿದರೆ ಇಂಗ್ಲಿಷೂ ವಿಷಯವೂ ಎಷ್ಟು ಹಿಡಿತದಲ್ಲಿದೆ ಅಂತ ಗೊತ್ತಾಗುತ್ತದೆ.

ಹೊಸ ವಿದ್ಯಾರ್ಥಿಗಳಿಗೆ ನೋಂದಣಿಯ ಸರದಿ ಕೊನೆಗೆ ಬರುತ್ತದೆ. ಸಂಜೆಯ ಮತ್ತು ಆನ್‌ಲೈನ್ ಸೆಕ್ಷನ್‌ಗಳು ಮೊದಲು ತುಂಬುತ್ತವೆ. ವೇಯ್ಟ್‌ಲಿಸ್ಟ್‌ನಲ್ಲಿ ಹೆಸರು ಹಾಕಿ, ಮೊದಲ ಕ್ಲಾಸಿಗೆ ತಪ್ಪದೆ ಹಾಜರಾಗಿ. ಬಾರದವರ ಜಾಗ ಖಾಲಿಯಾಗುತ್ತದೆ. ಹಿಡಿಸದಿದ್ದರೆ ದುಡ್ಡು ವಾಪಸ್ ಸಿಗುವ ಕೊನೆಯ ದಿನದೊಳಗೆ ಬಿಟ್ಟುಬಿಡಿ. ಅದು ದಾಟಿದರೆ ದುಡ್ಡೂ ಇಲ್ಲ, ಇನ್ನೂ ತಡವಾದರೆ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಡಬ್ಲ್ಯು (ಮಧ್ಯದಲ್ಲಿ ಬಿಟ್ಟದ್ದಕ್ಕೆ ಗುರುತು) ಬೇರೆ ಕೂರುತ್ತದೆ.

ಇನ್ನೂ ಊರಲ್ಲೇ ಇದ್ದು ವೀಸಾಕ್ಕೆ ಕಾಯುತ್ತಿರುವವರು ಈ ವಾರವೇ ಮಾಡಬಹುದಾದ ಕೆಲಸ ಒಂದಿದೆ. ವಿಶ್ವವಿದ್ಯಾಲಯಕ್ಕೆ ಹೋಗಿ ಟ್ರಾನ್ಸ್‌ಕ್ರಿಪ್ಟ್‌ಗೆ ಅರ್ಜಿ ಹಾಕಿ. ಮೊಹರು ಮಾಡಿದ ಲಕೋಟೆಯಲ್ಲಿ ಒಂದಲ್ಲ, ಮೂರ್ನಾಲ್ಕು ಪ್ರತಿ ತೆಗೆದುಕೊಳ್ಳಿ. ಎಲ್ಲ ಸೆಮಿಸ್ಟರಿನ ಅಂಕಪಟ್ಟಿ, ಘಟಿಕೋತ್ಸವ ಪ್ರಮಾಣಪತ್ರ, ಸಾಧ್ಯವಾದರೆ ಆ ಕಾಲದ ಸಿಲಬಸ್ಸನ್ನೂ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಅಮೆರಿಕದಲ್ಲಿ ಕೂತು ಇದನ್ನು ಅಪ್ಪನ ಕೈಲಿ ಮಾಡಿಸುವುದೆಂದರೆ, ಅವರು ಬಿಸಿಲಲ್ಲಿ ಆಡಳಿತ ಕಚೇರಿಯ ಕೌಂಟರಿನಿಂದ ಕೌಂಟರಿಗೆ ಅಲೆಯಬೇಕು, ನೀವು ರಾತ್ರಿ ಹನ್ನೊಂದಕ್ಕೆ ಫೋನ್ ಹಿಡಿದು ಕೂರಬೇಕು.